ತುಂಬಿಕೊಳ್ಳುವ ಸದ್ದು

ಮಂಡ್ಲಿ ಪಂಪ್‌ಹೌಸಿನ ರಾತ್ರಿಪಾಳಿಯಲ್ಲಿ
ನನ್ನ ಕೆಲಸ ನೋಡುವುದಲ್ಲ, ಕೇಳುವುದು.
ಊರ ನೆಲದಡಿ ನಾನೂರ ಹನ್ನೆರಡು ಕಿವಿ:
ವಾಲ್ವಿನ ಕುತ್ತಿಗೆಗೆ ಅಂಟಿಕೊಂಡ, ಬೆಂಕಿಪೊಟ್ಟಣದಷ್ಟು ಗಾತ್ರದ
ತಂತಿಯಿಲ್ಲದ ಸೆನ್ಸರುಗಳು.
ಕೋಟೆ ರಸ್ತೆಯ ಬೀಡುಕಬ್ಬಿಣ ಕೆಮ್ಮಿದರೆ
ಇಲ್ಲಿ ಪರದೆಯ ಮೇಲೊಂದು ಗೆರೆ ನಡುಗುತ್ತದೆ.

ಇದಕ್ಕೆ ಮುಂಚೆ ಊರಿಗೆ ಇದ್ದದ್ದು ಒಂದೇ ಕಿವಿ.
ನೀರುಗಂಟಿ ಬುಡೇನ್ ಸಾಬರದು, ಎಡಗಿವಿ.
ಬಲಗಿವಿ ಪಂಪಿನ ಗದ್ದಲಕ್ಕೆ ಎಂದೋ ಹೋಗಿತ್ತು.
ಹನ್ನೆರಡು ದಾಟಿ, ಆಟೋ ನಾಯಿ ಎರಡೂ ಮಲಗಿದ ಮೇಲೆ
ಐದಡಿ ಸಲಾಕೆಯ ಒಂದು ತುದಿ ಟಾರಿಗೆ, ಇನ್ನೊಂದು ಕಿವಿಗೆ ಒತ್ತಿ
ಬೀದಿ ಬೀದಿ ನಿಂತು ಕೇಳುತ್ತಿದ್ದರಂತೆ.
ಪೊಲೀಸರು ಎರಡು ಸಲ ಹಿಡಿದೊಯ್ದಿದ್ದಾರೆ.

ಈಗ ಸಲಾಕೆ ಮೂಲೆಯಲ್ಲಿದೆ; ಅದಕ್ಕೆ ನನ್ನ ಟಿಫಿನ್ ಚೀಲ ಆನಿಸುತ್ತೇನೆ.
ಸಾಬರು, ನಿವೃತ್ತಿಗೆ ಏಳು ತಿಂಗಳು ಬಾಕಿಯಿರುವ
ಆ ಎಡಗಿವಿಯನ್ನು ಹೊತ್ತು, ಚಾ ತರುತ್ತಾರೆ.

ಏಪ್ರಿಲ್ಲಿನಲ್ಲಿ ಇನ್ನೂರ ಆರನೇ ಕಿವಿ ದೂರು ಶುರುಮಾಡಿತು.
ದಿನಾ ಎರಡು ನಲವತ್ತಕ್ಕೆ. ಸೀಗೆಹಟ್ಟಿಯ ಆಚೆ,
ಮಂಡಕ್ಕಿ ಭಟ್ಟಿಯ ಹಿಂದಿನ ಓಣಿ.
ಸೋರಿಕೆ, ಎಂದಿತು ಯಂತ್ರ. ನೂರಕ್ಕೆ ತೊಂಬತ್ತೊಂದು ಪಾಲು ಖಾತ್ರಿ.
ಸಾಬರು ಹೆಡ್‌ಫೋನನ್ನು ಎಡಗಿವಿಗೆ ಮಾತ್ರ ಹಿಡಿದು
ಬಹಳ ಹೊತ್ತು ಸುಮ್ಮನಿದ್ದರು.
"ಅದು ಸೋರೋ ಸದ್ದಲ್ಲ ಮೇಡಂ," ಅಂದರು,
"ತುಂಬ್ಕೊಳ್ಳೋ ಸದ್ದು."
ಅಷ್ಟೇ. ಲೋಟ ಎತ್ತಿಕೊಂಡು ಹೊರಟರು.

ಯಂತ್ರಕ್ಕೆ ಅಷ್ಟು ಸಾಕಾಗಲಿಲ್ಲ.
ಮಂಗಳವಾರ ನೀರು ಕಟ್ಟಿ, ಕೊಳವೆಯೊಳಕ್ಕೆ ಏಡಿಯನ್ನು ಬಿಟ್ಟೆವು.
ಕಂಪನಿ ಇಟ್ಟ ಹೆಸರು ಬೇರೆ; ಆರು ಗಾಲಿ, ಒಂದು ದೀಪ,
ಅಡ್ಡಡ್ಡ ನಡೆ ನೋಡಿ ಹುಡುಗರು ಕರೆದದ್ದು ಹಾಗೆ.
ತುಕ್ಕಿನ ಗಡ್ಡೆಗಳ ನಡುವೆ, ಸೀಸದ ಬೆಸುಗೆ ದಾಟಿ,
ಯಾವ ಕಾಲದ್ದೋ ಒಂದು ಗಾಜಿನ ಗೋಲಿಯನ್ನು ಉರುಳಿಸುತ್ತ
ಅರವತ್ತು ಮೀಟರಿಗೆ ಹೋಗಿ ನಿಂತಿತು.
ಮೇಲ್ಗಡೆ ಒಂದು ತೂತು.
ಒಡೆದದ್ದಲ್ಲ, ಕೊರೆದದ್ದು. ಅರ್ಧ ಇಂಚು.
ಅಂಚಿನಲ್ಲಿ ಸೆಣಬಿನ ನೂಲು ಮೂರು ಸುತ್ತು, ಎಡಕ್ಕೆ.
ಎಡಕ್ಕೆ ಸುತ್ತುವ ಕೈ ಯಾರದೆಂದು
ಪಂಪ್‌ಹೌಸಿನ ಬೆಕ್ಕಿಗೂ ಗೊತ್ತು.

ಆ ಓಣಿಯಲ್ಲಿ ಹನ್ನೊಂದು ಮನೆ. ಖಾತೆ ಇಲ್ಲ, ಅದಕ್ಕೆ ನಲ್ಲಿ ಇಲ್ಲ;
ನಮ್ಮ ನಕ್ಷೆಯಲ್ಲಿ ಅದೊಂದು ತಿಳಿಹಸಿರು ಖಾಲಿ ಜಾಗ.
ಭಟ್ಟಿಗೆ ಬೆಂಕಿ ಹಚ್ಚುವ ಹೆಂಗಸರು ಮೂರಕ್ಕೆ ಮುಂಚೆ ಏಳಬೇಕು.
ಹತ್ತೊಂಬತ್ತು ವರ್ಷ ಒಬ್ಬ ಮನುಷ್ಯ
ಕೇಳಿಯೂ ಕೇಳದ ಹಾಗೆ ಸಲಾಕೆ ಎತ್ತಿಕೊಂಡು ಮುಂದೆ ಹೋಗಿದ್ದಾನೆ.
ಈ ನಾನೂರ ಹನ್ನೆರಡಕ್ಕೆ ಅದು ಬರುವುದಿಲ್ಲ.

ವರದಿಯ ನಮೂನೆಯಲ್ಲಿ ನಾಲ್ಕು ಆಯ್ಕೆ:
ಸೋರಿಕೆ. ಕಳವು. ಸೆನ್ಸರ್ ದೋಷ. ಪರಿಶೀಲನೆಯಲ್ಲಿದೆ.
ಪ್ರತಿ ಸೋಮವಾರ ನಾಲ್ಕನೆಯದನ್ನು ಒತ್ತುತ್ತೇನೆ.
ಸುಳ್ಳೇನಲ್ಲ. ನಿಜಕ್ಕೂ ಪರಿಶೀಲಿಸುತ್ತಿದ್ದೇನೆ:
ಒಂದೊಂದು ಕೊಡಕ್ಕೂ ಗೆರೆ ತುಸು ಕುಸಿದು, ಮತ್ತೆ ಏಳುತ್ತದೆ.
ಇಪ್ಪತ್ತೆರಡು ಕೊಡ. ಮೂರೂ ಹತ್ತಕ್ಕೆ ಎಲ್ಲ ಸಮ.

ನಿನ್ನೆ ಇಪ್ಪತ್ತು.
ಮತ್ತೊಮ್ಮೆ ಎಣಿಸಿದೆ. ಇಪ್ಪತ್ತೇ.
ಮೂರೂವರೆಗೆ ಸಾಬರಿಗೆ ಫೋನು ಮಾಡಿ, ಹೇಗೆ ಕೇಳುವುದೋ ತಿಳಿಯದೆ,
"ಎರಡು ಕೊಡ ಕಡಿಮೆ" ಎಂದೆ.
ಆ ಕಡೆ ಕೆಮ್ಮು, ಮಂಚದ ಕಿರುಗು.
"ಕೊನೇ ಮನೆ ಹಳದಮ್ಮಂಗೆ ಜ್ವರ. ನಾಡಿದ್ದು ಏಳ್ತಾಳೆ ಬಿಡಿ."
ಆಮೇಲೆ, ತಡೆದು:
"ನಿಮ್ ಮಿಷನ್ನು ಇದನ್ನೂ ಬರ್ಕೊಳ್ತದಾ?"

ಬರೆದುಕೊಂಡಿತ್ತು.