ಹಲ್ವಾ ಡಬ್ಬಿ

ಬರ್ಕಾದಿಂದ ಯಾರೋ ತಂದ ಹಲ್ವಾ ಮುಗಿದು
ಡಬ್ಬಿ ಉಳಿಯಿತು. ಏಳನೇ ರೂಮಿನ
ಎಂಟು ಮಂಚಗಳ ಜ್ವರ, ಹಲ್ಲುನೋವು, ಹೊಟ್ಟೆಯುರಿ
ಎಲ್ಲ ಈಗ ಅದರೊಳಗೆ.
ಗುಳಿಗೆ ಬಾಯಿಗಿಟ್ಟರೆ ಮೊದಲು ಗುಲಾಬಿನೀರಿನ ವಾಸನೆ,
ಆಮೇಲೆ ಕಹಿ.

ಡಬ್ಬಿಯ ಯಜಮಾನಿಕೆ ನನ್ನದು.
ಕಂಪೌಂಡರನೇನಲ್ಲ, ಸೋಹಾರಿನ ಬಂದರಿನಲ್ಲಿ
ಕ್ರೇನಿನ ಕೆಳಗೆ ನಿಂತು ಕೈಸನ್ನೆ ಮಾಡುವವನು:
ಎತ್ತು. ಇಳಿಸು. ನಿಲ್ಲು.
ಸಣ್ಣ ಅಕ್ಷರ ಓದಲು ಬರುತ್ತದೆಂದು ಒಪ್ಪಿಸಿದರು.

ಹಸನಬ್ಬನಿಗೆ ಶೀತ. ಹಳದಿ ಕ್ಯಾಪ್ಸೂಲು ಒಂದು ನುಂಗಿದ,
ಮೈ ಬಿಸಿಯೆಂದು ಬಿಳಿಗುಳಿಗೆ ಎರಡು ನುಂಗಿದ,
ಪರ್ವೇಜ್ ಊರಿಂದ ತಂದ ಉದ್ದಗುಳಿಗೆ ಹರಿಯುವಾಗ
ಕೈ ಹಿಡಿದೆ.
"ಅದು ಬೇರೆ, ಇದು ಬೇರೆ ಮಾರಾಯಾ."
ಮೂರರ ಬೆನ್ನನ್ನೂ ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದೆ:
ಅಂಗಿ ಮೂರು, ಒಳಗಿನ ಆಸಾಮಿ ಒಬ್ಬನೇ.
ಒಬ್ಬನನ್ನೇ ಮೂರು ಸಲ ಕೆಲಸಕ್ಕೆ ಕರೆದರೆ
ಕೂಲಿ ತೆರುವುದು ಪಿತ್ತಜನಕಾಂಗ.
"ಅದೆಲ್ಲಿದೆ?" ಎಂದು ಹೊಟ್ಟೆಯ ಎಡಗಡೆ ಮುಟ್ಟಿಕೊಂಡ.
ಬಲಗಡೆ, ಅಂದೆ.

ಥಾಪಾ ಏಳು ದಿನದ ಗುಳಿಗೆ ಮೂರೇ ದಿನ ತಿಂದು
ಉಳಿದದ್ದನ್ನು ಹಬ್ಬದ ಬಟ್ಟೆಯ ಹಾಗೆ ಎತ್ತಿಟ್ಟಿದ್ದ,
ಮುಂದಿನ ಗಂಟಲುನೋವಿಗೆ.
ನಾನು ಬೈದೆ, ಕೇಳಲಿಲ್ಲ. ಡಾಕ್ಟರು ಬೈದಾಗ ಕೇಳಿದ.
ನೂರುಲನ ಇನ್ಸುಲಿನ್ ಮಾತ್ರ ಡಬ್ಬಿಯಲ್ಲಿಲ್ಲ,
ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ.
ಜುಲೈಯಲ್ಲೊಮ್ಮೆ ಬಸ್ಸಿನ ಡ್ಯಾಶ್‌ಬೋರ್ಡಿನ ಮೇಲೆ ಮರೆತಿದ್ದ.
ನೋಡಲು ಹಾಗೇ ಇತ್ತು, ನೀರಿನಂತೆ ತಿಳಿ.
ಅವನು ನಂಬಿದ. ಸಕ್ಕರೆ ನಂಬಲಿಲ್ಲ.

ಕರೆಂಟು ಹೋದ ರಾತ್ರಿ ಅಂಗಿ ಬಿಚ್ಚಿ
ಮೆಟ್ಟಿಲ ಮೇಲೆ ಕೂತಾಗ
ಥಾಪಾನ ಟಾರ್ಚು ತೋಳಿಂದ ತೋಳಿಗೆ ಹೋಯಿತು.
ಎಡದ ತೋಳು, ಭುಜಕ್ಕಿಂತ ತುಸು ಕೆಳಗೆ,
ಹುಣಸೆಬೀಜದಷ್ಟು ಕಲೆ.
ಪೊಖರಾ, ಸಿಲ್ಹೆಟ್, ಮರ್ದಾನ್, ಗಂಗೊಳ್ಳಿ.
ಪಾಸ್‌ಪೋರ್ಟಿಗೂ ಮೊದಲೇ ಬಿದ್ದ ಮೊಹರು.
ಆ ದಿನ ನಮ್ಮನ್ನೆಲ್ಲ ಯಾರೋ ಅಮುಕಿ ಹಿಡಿದಿದ್ದರು,
ಯಾರಿಗೂ ನೆನಪಿಲ್ಲ.
ಹಸನಬ್ಬನ ಕಲೆ ಮಾಸಿತ್ತು. ಇದೆ, ಸರಿಯಾಗಿ ನೋಡು,
ಎಂದು ಹಟ ಹಿಡಿದ.

ಮಗಳಿಗೆ ಹದಿನಾಲ್ಕನೇ ವಾರದ ಚುಚ್ಚುಮದ್ದು.
ಫೋನನ್ನು ಡಬ್ಬಿಗೆ ಒರಗಿಸಿ ನೋಡಿದೆ.
ಸುಗಂಧಿ ಪುಟ್ಟ ತೊಡೆ ಹಿಡಿದಳು,
ಸೂಜಿ ಹೋಗಿ ಬಂತು, ಬಾಯಿ ತೆರೆಯಿತು,
ಅಳು ಕಡಲು ದಾಟುವಷ್ಟರಲ್ಲಿ
ಅಲ್ಲಿ ಆಗಲೇ ಅಮ್ಮನ ಹೆಗಲು.

ರಾತ್ರಿ ಜ್ವರ. ಬಂದರೆ ಹೆದರಬೇಡಿ ಎಂದು
ನರ್ಸಮ್ಮ ಮೊದಲೇ ಹೇಳಿ
ಹನಿಮದ್ದಿನ ಅಳತೆಯನ್ನು ಕಾರ್ಡಿನ ಹಿಂದೆ ಬರೆದಿದ್ದರು.
ಅಲ್ಲಿ ಹನ್ನೊಂದೂವರೆ, ಇಲ್ಲಿ ಹತ್ತು.
ಕಾರ್ಡು ಹುಡುಕಲು ಸುಗಂಧಿ ಒಳಗೆ ಹೋದಳು.
ಅತ್ತೆಯ ಒಂದು ಕೈಯಲ್ಲಿ ಹನಿಮದ್ದಿನ ಬಾಟಲಿ,
ಇನ್ನೊಂದರಲ್ಲಿ ದೊಡ್ಡ ಮೊಮ್ಮಗನ ಸಿರಪ್ಪಿನ ಚಮಚ.
ಗಟ್ಟಿಮದ್ದು ಅದು.
ಹನಿಯಲ್ಲಿ ಅಳೆಯಬೇಕಾದ್ದು
ಚಮಚದ ಅಂಚು ಮುಟ್ಟುತ್ತಿದೆ.

ಕೂಗಿದೆ. ನೆಟ್‌ವರ್ಕು ನುಂಗಿತು.
ಮತ್ತೆ ಕೂಗಿದೆ. ಪರ್ವೇಜ್ ಎಚ್ಚರವಾದ.
ಆಗ ಎದ್ದು ನಿಂತು
ಎರಡೂ ತೋಳು ಚಾಚಿ ಬೀಸಿದೆ,
ಮೂವತ್ತು ಟನ್ನಿನ ಪೆಟ್ಟಿಗೆ ಗಾಳಿಯಲ್ಲಿ ವಾಲಿದಾಗ
ಬೀಸುವ ಹಾಗೆ.
ಅವರ ಪರದೆಯಲ್ಲಿ ಚಿತ್ರ ಅಲ್ಲೇ ಹೆಪ್ಪುಗಟ್ಟಿತಂತೆ:
ಬನಿಯನ್ ತೊಟ್ಟ ಬೆದರುಗೊಂಬೆ.
ಚಮಚ ನಿಂತಿತು.

ಬೆಳಿಗ್ಗೆ ಫೋಟೊ ಬಂತು,
ತೊಡೆಯ ಮೇಲೆ ಸಾಸಿವೆಯಷ್ಟು ಕೆಂಪು. ಜ್ವರ ಇಳಿದಿದೆ.
ಡಬ್ಬಿ ಸುರುವಿ, ತಾರೀಕು ಮೀರಿದ್ದನ್ನೆಲ್ಲ ಆರಿಸಿ
ಕ್ಲಿನಿಕ್ಕಿನ ಔಷಧಿ ಕೌಂಟರಿಗೆ ಕೊಟ್ಟು ಬಂದೆ,
ಹನ್ನೆರಡು ಪಟ್ಟಿ.

ಅಳಿಯ ಕೈ ಎತ್ತಿದನೆಂದು ಅತ್ತೆಗೆ ಸಿಟ್ಟು.
ಎರಡು ವಾರ ಫೋನಿಗೆ ಬರಲಿಲ್ಲ.
ಹನಿಮದ್ದಿನ ಬಾಟಲಿಯ ಕತ್ತಿಗೆ ಮಾತ್ರ
ಕೆಂಪು ನೂಲು ಕಟ್ಟಿದ್ದಾರಂತೆ,
ತಾವಾಗಿಯೇ.