ದೀಪದ ಹುಳ

ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹತ್ತುತ್ತಿತ್ತು,
ಏಳೂ ಐದಕ್ಕೆ ಹುಳ.

ಬ್ಯಾಂಡಿನ ಮುಂದಿನ ಸಾಲು, ಎಡದಿಂದ ಮೂರನೆಯವನು ನಾನು,
ಚೌರಪ್ಪ, ಕ್ಲಾರಿನೆಟ್ಟು.
ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ ಕಾಗದದ ಮೇಲೆ
ರೆಕ್ಕೆ ಕಳಚಿ ಹುಳ ಬಂದು ಕೂತರೆ
ಐದು ಗೆರೆಗಳ ನಡುವೆ ಯಾವುದು ಸ್ವರ, ಯಾವುದು ಹುಳ,
ಹೇಳುವುದು ಕಷ್ಟ.
ಒಂದು ಸಲ ಹುಳವನ್ನೇ ನುಡಿಸಿಬಿಟ್ಟೆ.
ಬ್ಯಾಂಡ್ ಮಾಸ್ಟರು ನೋಡಿದ ನೋಟಕ್ಕೆ
ಕ್ಲಾರಿನೆಟ್ಟೇ ಬೆವರಿತು.

ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡದ್ದು ಅದಾದ ಮೇಲೆ.
ಚೆಲುವಾಂಬೆ.
ಚೆಲುವಾಂಬ ಆಸ್ಪತ್ರೆಯಲ್ಲಿ ಹುಟ್ಟಿದ್ದಕ್ಕೆ ಆ ಹೆಸರು,
ಅಲ್ಲೇ ಅವಳವ್ವ ರಾತ್ರಿ ಪಾಳಿಯ ಆಯಾ.
ಅಪ್ಪ ಹೊಂಬಾಳೇಗೌಡ ಪಾಂಡವಪುರದ ಬಸ್ಸಿನ ಕಂಡಕ್ಟರು.
"ಚೌರಣ್ಣ, ಒಂದೆರಡು ಗಂಟೆ ನೋಡ್ಕೊ" ಅಂತ
ಕಡ್ಲೆಕಾಯಿ ಪೊಟ್ಟಣದ ಜತೆ ಬಿಟ್ಟು
ಡ್ಯೂಟಿಗೆ ಓಡುತ್ತಿದ್ದ.

ಎಡಗೈಯಲ್ಲಿ ಹುಳ ಓಡಿಸುವಳು, ಬಲಗೈಯಲ್ಲಿ ಹಾಳೆ ತಿರುವುವಳು.
ತಿರುವುವವಳು ನನಗಿಂತ ಮುಂದಿರಬೇಕು,
ಒಂದು ಉಸಿರು, ಹೆಚ್ಚೆಂದರೆ ಒಂದೂವರೆ.
ತಡವಾದರೆ ನಾನು ಬಾವಿಗೆ ಬಿದ್ದೆ,
ಬೇಗನಾದರೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.
ಎಂಟು ವರ್ಷದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.
"ನಮ್ಮಪ್ಪನೂ ಹಂಗೇ ಅಲ್ವಾ ಮಾಮ,
ಬಸ್ಸು ಹೊರಡೋದು ಡ್ರೈವರು ಗೇರ್ ಹಾಕಿದಾಗಲ್ಲ,
ಅಪ್ಪ ರೈಟ್ ಅಂದಾಗ."

ಪೇಪರಿನವರು ಕೇಳಿದಾಗ ಇಷ್ಟೇ ಹೇಳಿದೆ.
ಅವರು ಬರೆದುಕೊಳ್ಳಲಿಲ್ಲ.

ಮುಂದೆ ಕಾನ್ವೆಂಟಿನ ಪಿಯಾನೊ,
ಆಮೇಲೆ ಯಾರೋ ಕೊಟ್ಟ ಸ್ಕಾಲರ್‌ಶಿಪ್ಪು,
ಆಮೇಲೆ ನನ್ನ ನಾಲಿಗೆಗೆ ಬಗ್ಗದ ಊರುಗಳು.
ಹೊಂಬಾಳೇಗೌಡ ಡಿಪೋದಲ್ಲಿ ಎದೆಯುಬ್ಬಿಸಿ
"ನನ್ನ ಮಗಳೂ ಕಂಡಕ್ಟರೇ ಕಣ್ರೋ" ಅಂದನಂತೆ.
"ಯಾವ ರೂಟು?"
"ಯುರೋಪು."
ಒಂದು ವಾರ ಅವನಿಗೆ ಚಹದ ಕಾಸು ಕೊಡಲು ಯಾರೂ ಬಿಡಲಿಲ್ಲ.

ಹೋದ ವರ್ಷ ಲಕೋಟೆಯಲ್ಲಿ ಒಂದು ಪೇಪರ್ ತುಂಡು ಬಂತು, ಜರ್ಮನ್.
ಸಿಸ್ಟರ್ ಒಟಿಲಿಯಾ ಕನ್ನಡಕ ಏರಿಸಿ, ತಡೆದು ತಡೆದು ಓದಿದರು.
ಇವಳ ಬಲಗೈ ಕಾಲವನ್ನು ಅಳೆದು ಕೊಡುತ್ತದೆ.
ಎಡಗೈ ಮಾತ್ರ ಬಿಡಿಸಲಾಗದ ಗುಟ್ಟು.
ನಡುನಡುವೆ ಬೆರಳ ತುದಿಯಿಂದ
ಗಾಳಿಯಲ್ಲಿರುವ ಏನನ್ನೋ ಮೆಲ್ಲಗೆ ಬದಿಗೆ ಸರಿಸುತ್ತಾಳೆ,
ಆ ಕ್ಷಣ ಇಡೀ ವಾದ್ಯವೃಂದ ಹಗುರಾಗುತ್ತದೆ.
ಬಹುಶಃ ಪೂರ್ವದೇಶದ ಯಾವುದೋ ಪುರಾತನ ಮುದ್ರೆ.

ನಕ್ಕ ರಭಸಕ್ಕೆ ಹಲ್ಲಿನ ಸೆಟ್ಟು ಕೈಗೆ ಬಂತು.
ಸಿಸ್ಟರ್ ಕೇಳಿದರು, ಏನಾಯಿತು ಚೌರಪ್ಪ?
ಏನಂತ ಹೇಳಲಿ.

ಮೊಮ್ಮಗಳ ಮೊಬೈಲಿನಲ್ಲಿ ನೋಡಿದೆ.
ತೊಂಬತ್ತು ಜನ, ಎಲ್ಲರೂ ಕರಿಬಟ್ಟೆ.
ಆ ಚಳಿಯಲ್ಲಿ, ಆ ಮರದ ಛಾವಣಿಯ ಕೆಳಗೆ,
ಹುಳ ಎಲ್ಲಿಂದ ಬರಬೇಕು?
ಆದರೂ ನಮ್ಮ ಚೆಲುವಿ ಓಡಿಸಿದಳು.
ಎಣಿಸಿದೆ. ನಾಲ್ಕು ಸಲ.
ನಾಲ್ಕನೆಯದಕ್ಕೆ ಅಲ್ಲಿಯ ಕ್ಲಾರಿನೆಟ್ಟಿನವನು ಉಸಿರೆಳೆದ.
ಅವನಿಗಿಂತ ಮುಂಚೆ ಇವಳು ಎಳೆದಿದ್ದಳು.
ಅವಳಿಗಿಂತ ಮುಂಚೆ, ಸುಳ್ಳಲ್ಲ,
ಹನ್ನೊಂದು ವರ್ಷದಿಂದ ಊದದ ನನ್ನ ತುಟಿ
ತಾನಾಗಿ ಒಳಕ್ಕೆ ಮಡಿಚಿಕೊಂಡಿತ್ತು.

ಲಕೋಟೆಯ ತಳದಲ್ಲಿ ಒಂದು ಚೀಟಿಯೂ ಇತ್ತು, ಕನ್ನಡ,
ಒತ್ತಕ್ಷರ ಈಗಲೂ ವಕ್ರ.
"ಮಾಮ, ಹುಳ ಈಗಲೂ ಬರ್ತಾವಾ?"

ಗೊತ್ತಿದ್ದರೂ ಭಾನುವಾರ ಆಟೋ ಮಾಡಿಕೊಂಡು ಹೋದೆ.
ಗೇಟಿನ ಪೇದೆಗೆ ಗುರುತು ಸಿಗಲಿಲ್ಲ.
ದೀಪ ಹತ್ತಿತು. ಗುಂಪು ಓ ಎಂದಿತು.
ವಾಚು ನೋಡುತ್ತ ನಿಂತೆ.

ಮನೆಗೆ ಬಂದು ಕಾರ್ಡು ಬರೆದೆ.
ಬರುತ್ತವೆ. ಐದು ನಿಮಿಷ ಅಂದರೆ ಐದೇ ನಿಮಿಷ.
ಆದರೆ ಈಗಿನ ಹುಡುಗರು ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸುತ್ತಾರೆ,
ಪಾಪ, ಜಾರಿ ಬೀಳುತ್ತವೆ.