ಒಂದು ತತ್ತಿಯ ಲೆಕ್ಕ

ಮಧ್ಯಾಹ್ನ ಹನ್ನೆರಡೂವರಿಗೆ
ನಮ್ಮ ಅಂಗನವಾಡಿಗೆ ಉಣ್ಣಾಕ ಬರ್ತಾರ ಬಸರಿ ಹೆಂಗಸರು.
ಚಾಪಿ ಹಾಸಿರ್ತೀನಿ, ತಾಟು ತೊಳದಿಟ್ಟಿರ್ತೀನಿ.
"ಕುಂದ್ರಬೇ, ಬಿಸಿ ಐತಿ" ಅಂದ್ರೂ
ಗೋಡಿಗೆ ಆತು ನಿಂತಿರ್ತಾರ,
ಯಾರರೆ ಮೊದಲ ಉಂಡು ಏಳಲಿ ಅನ್ನೋ ಹಂಗ.
ಯಾರು ಏಳಬೇಕು?
ಇಲ್ಲಿ ಗಂಡಸು ಅಂದ್ರ
ಗೋಡಿ ಮ್ಯಾಗ 'ರ' ಅಕ್ಷರದ ಬಾಜೂಕ ನಿಂತ ರೈತ ಒಬ್ಬನ.
ಅವಂಗ ಹಸಿವಿಲ್ಲ.

ಹುಲಿಗೆವ್ವಗ ಏಳು ತಿಂಗಳು.
ಕಣ್ಣಿನ ಕೆಳಗಿನ ರೆಪ್ಪಿ ಜಗ್ಗಿ ನೋಡಿದ್ರ
ಸುಣ್ಣ ಬಳದ ಗೋಡಿ.
ಅನ್ನ ಉಣ್ತಾಳ, ಸಾರು ಸುರೀತಾಳ,
ತತ್ತಿ ಮಾತ್ರ ಮೆಲ್ಲಕ
ಸೆರಗಿನ್ಯಾಗ ಗಂಟು ಆಗತೈತಿ.
ಕೇಳಿದ್ರ, "ಮೈದುನಗ್ರೀ" ಅಂತಾಳ,
"ಕುಷ್ಟಗಿ ಕಡೆ ಕ್ವಾರಿಗೆ ಹೋಗ್ತಾನ, ಮೈ ದಣದಿರತೈತಿ."

ನಾ ಬೈತೀನಿ. ಅದು ನನ್ನ ಕೆಲಸ.
"ಇಲ್ಲೇ ತಿನ್ನಬೇಕು, ಸರ್ಕಾರದ ಹುಕುಂ ಐತಿ,
ಮನಿಗೆ ಒಯ್ದಾಕಿ ಹೆಸರಿನ ಮುಂದ ಟೀಚರಮ್ಮ ಗೀಟು ಹಾಕ್ತಾಳ."
ಆಕಿ ಗಂಟು ಬಿಚ್ಚಿ
ನನ್ನ ಮಾರಿ ನೋಡಕೋತ
ಮಾತ್ರಿ ನುಂಗಿದಂಗ ನುಂಗ್ತಾಳ.
"ನೀ ಯಾವಾಗ ಉಣ್ತಿಬೇ?"
ನಾ ಭಾಂಡೆ ತೊಗೊಂಡು ಹೊರಗ ಹೋಗ್ತೀನಿ.

ನಮ್ಮ ಮನೀ ಲೆಕ್ಕ ಬ್ಯಾರೆ.
ಮೊದಲ ಪಂಕ್ತಿ ಮಾವ, ನನ್ನ ಗಂಡ, ಇಬ್ಬರು ಮೈದುನರು.
ಹಂಚಿನ ಮ್ಯಾಗ ಉಬ್ಬಿದ ರೊಟ್ಟಿ ಸೀದಾ ತಾಟಿಗೆ.
ಉಪ್ಪು ಹೆಚ್ಚಾದ್ರ ಹೇಳ್ತಾರ,
ರುಚಿ ಆದ್ರ ಮಾತಿಲ್ಲ, ತಾಟು ಖಾಲಿ.
ಎರಡನೇದು ಗಂಡುಹುಡುಗರದು.
ಮೂರನೇದಕ್ಕ ಪಂಕ್ತಿ ಅನ್ನೋದಿಲ್ಲ,
ಅಡಿಗಿಮನಿ ಸಾರಸೋದು ಅಂತಾರ.
ಪಲ್ಲೆ ಮುಗದಿರತೈತಿ, ಬೋಗುಣಿಗೆ ಎಣ್ಣಿ ಹತ್ತಿರತೈತಿ,
ರೊಟ್ಟಿ ಚೂರಿಲೆ ಒರಸಿ ಒರಸಿ ಉಂಡ್ರ
ಬೋಗುಣಿ ತೊಳಿಯೋ ನೀರಾದ್ರೂ ಉಳೀತು.
ಕಡೀ ಹಿಟ್ಟಿನ ಮುದ್ದಿಯಿಂದ ಬಡದ ರೊಟ್ಟಿ
ಅಂಗೈಯಷ್ಟು, ಅಂಚು ಸೀಳಿದ್ದು,
ಅದು ಯಾವತ್ತೂ ನಂದು.

ಸುಳ್ಳು ಹೇಳಬಾರದು,
ಅತ್ತಿ ಗ್ಯಾನವ್ವ ಕೆಟ್ಟಾಕಿ ಅಲ್ಲ.
ನಾ ಮೊದಲಸಲ ಬಸರಿದ್ದಾಗ ನಸುಕಿನ್ಯಾಗ
ಜ್ವಾಳದ ಹಿಟ್ಟಿನ ಡಬ್ಬಿಯೊಳಗ
ಶೇಂಗಾ ಬೆಲ್ಲ ಕುಟ್ಟಿದ ಉಂಡಿ ಹುಗದಿಟ್ಟಿರ್ತಿದ್ಲು.
"ಹಿಟ್ಟು ತಗೀವಾಗ ಬಾಯಾಗ ಹಾಕ್ಕೋ, ಸಪ್ಪಳ ಮಾಡಬ್ಯಾಡ."
ಮಾರಿಗೆಲ್ಲ ಹಿಟ್ಟು ಹತ್ತಿಸ್ಕೊಂಡು
ಕತ್ತಲದಾಗ ಅಗೀತಿದ್ದೆ,
ನನ್ನ ಮನ್ಯಾಗ ನಾನ ಕಳ್ಳಿ.
ಬೆಳಕು ಹರದ್ರ ಮತ್ತ ಅದ ಗ್ಯಾನವ್ವ:
"ಗಂಡಸರು ಉಂಡಿಲ್ಲ, ಹೆಂಗಸಿಗೆಂಥಾ ಹಸಿವಿ?"
ಒಂದ ಬಾಯಿ.
ಎರಡೂ ಮಾತು ಅದರಾಗ ಹ್ಯಾಂಗ ಹಿಡಿಸ್ತಿದ್ದವೋ.

ಮೊನ್ನೆ ಸೋಮವಾರ
ತವರಿಗೆ ಹೋದಾಕಿ ಒಬ್ಬಾಕಿ
ದೋಟಿಹಾಳದ ಬಸ್ಸು ತಪ್ಪಿ ಬರಲಿಲ್ಲ.
ಒಂದು ತತ್ತಿ ಉಳೀತು.
ಯಾರೂ ನೋಡಲಿಲ್ಲ. ಗೋಡಿ ಮ್ಯಾಗಿನ ರೈತ ನೋಡಿದ.
ಸೆರಗಿಗೆ ಗಂಟು ಹಾಕೋದು
ನನ್ನ ಕೈಗೆ ಯಾರು ಕಲಿಸಿದ್ರೋ.

ಸಂಜಿಗೆ ಹಿತ್ತಲದಾಗ ಕುಂತು ಬಿಚ್ಚಿದೆ.
ಎದುರಿಗೆ ಎರಡು ಮಕ್ಕಳು,
ನೇತ್ರಾಗ ಎಂಟು, ಅಮರೇಶಗ ಐದು.
ಅರ್ಧಾ ಅರ್ಧಾ ಮಾಡಾಕ
ಮನ್ಯಾಗ ದಾರ ಐತಿ, ಚಾಕು ಐತಿ, ಬಾಯಾಗ ಹಲ್ಲು ಅದಾವ.
ಕೈ ತಾನ ಹೋತು
ಅಮರೇಶನ ಬಾಯಿಗೆ.
ನೇತ್ರಾ ಏನೂ ಕೇಳಲಿಲ್ಲ.
ನನ್ನ ಉಡಿಯೊಳಗಿನ ಸಿಪ್ಪಿ ಆರಿಸಿ
ಒಂದಕ್ಕೊಂದು ಜೋಡಿಸಿ
ಅಂಗೈಯಾಗ
ಖಾಲಿ ತತ್ತಿ ಕಟ್ಟಾಕ ಹತ್ತಿದ್ಲು.

ಇವತ್ತು ಮಧ್ಯಾಹ್ನ
ಹುಲಿಗೆವ್ವನ ತಾಟಿಗೆ ತತ್ತಿ ಹಾಕಿ ನಿಂತೆ.
ಬೈಯಾಕ ಬಾಯಿ ಬರಲಿಲ್ಲ.
ಆಕಿ ಹೊಟ್ಟಿ ಹಿಡಕೊಂಡು ಸರದು
ಚಾಪಿ ಮ್ಯಾಗ ಜಾಗ ಮಾಡಿದ್ಲು.
"ನೀ ಕುಂತ್ರ ತಿಂತೀನಿ" ಅಂದ್ಲು.

ಕುಂತೆ.
ಅನ್ನ ಬಿಸಿ ಇತ್ತು.
ತುತ್ತು ಕಲಿಸಿ, ಎತ್ತಿ,
ಬಾಗಿಲ ಕಡೆ ನೋಡಿದೆ,
ಯಾರರೆ ಬಂದ್ರೇನೋ ಅಂತ.